ಬಚ್ಚಲ ಕಲ್ಲಿನ ಕೆಳಗೆ

೧೯೮೩ರ ಬೇಸಿಗೆಯಲ್ಲಿ ಪುಣೆಯ ಹತ್ತಿರದ ದೌಂಡ ಊರಿಗೆ ಮನೆ ಮಾರುವ ಹುಚ್ಚು ಹಿಡಿಯಿತು. ದಾರಿಯಲ್ಲಿ ಎದುರಾದವರು ಊಟವಾಯಿತೇ ಎಂದು ಕೇಳುವುದನ್ನು ಬಿಟ್ಟು, ನಿಮ್ಮ ಮನೆಗೆ ಗಿರಾಕಿ ಬಂದರೇ ಎಂದು ಕೇಳತೊಡಗಿದರು. ಪುರಸಭೆಯವರು ಊರನ್ನು ಹೊಸದು ಮಾಡುತ್ತೇವೆಂದು ಹೊರಟಿದ್ದೇ ಇದಕ್ಕೆಲ್ಲ ಮೂಲ. ಸ್ಟೇಶನ್ ರಸ್ತೆ ಅಗಲವಾಗುತ್ತದಂತೆ, ಸಂತೆ ಮೈದಾನದಲ್ಲಿ ಎರಡು ಅಂತಸ್ತಿನ ಮಾರ್ಕೆಟ್ ಏಳುತ್ತದಂತೆ, ಬಸ್ ಸ್ಟ್ಯಾಂಡಿಗೆ ಸಿಮೆಂಟಿನ ಚಾವಣಿ ಬರುತ್ತದಂತೆ. ಅಲ್ಲಿಯ ತನಕ ಇಂಜಿನ್ನಿನ ಮಸಿ ಮೆತ್ತಿದ ಆ ಮಣ್ಣಿನ ಗೋಡೆಗಳನ್ನು ನಾಯಿ ಕೂಡ ಹೊರಳಿ ನೋಡುತ್ತಿರಲಿಲ್ಲ. ಈಗ ಪುಣೆಯಿಂದ ಬಿಳಿ ಅಂಗಿಯ ಮಂದಿ ರೈಲಿಳಿದು ಬಂದು, ಕಲ್ಲಂಗಡಿ ಕೊಳ್ಳುವವರ ಹಾಗೆ ಗೋಡೆಗಳನ್ನು ಬೆರಳಿನಿಂದ ಬಡಿದು ನೋಡುತ್ತಿದ್ದರು.

ಊರಿಗೆಲ್ಲ ಹಿಡಿದ ಹುಚ್ಚು ಹುಸೇನಪ್ಪನೊಬ್ಬನನ್ನು ಬಿಟ್ಟೀತೇ? ಯಾದಗಿರಿ ಕಡೆಯಿಂದ ಪಾಯ ಅಗೆಯುವ ಕೆಲಸಕ್ಕೆ ಬಂದು ದೌಂಡದಲ್ಲೇ ಬೇರುಬಿಟ್ಟ ಮನುಷ್ಯ ಅವನು. ಕಂಡವರ ಮನೆಗೆಲ್ಲ ಪಾಯ ತೋಡಿ, ತನಗೆ ಮಾತ್ರ ಗೂಡ್ಸ್ ಶೆಡ್ಡಿನ ಹಿಂದೆ ಎರಡು ಕೋಣೆಯ ತಗಡಿನ ಮನೆಯೊಂದನ್ನು ಕೊಂಡುಕೊಂಡಿದ್ದ. ಅವನ ಹೆಂಡತಿ ತಿಪ್ಪವ್ವ ಹೊಸ ಮಾರ್ಕೆಟ್ಟಿನ ಕೆಲಸದಲ್ಲಿ ಮಣ್ಣು ಹೊರುತ್ತಿದ್ದಳು. ಮಕ್ಕಳಿಲ್ಲ. ಅವಳ ತಮ್ಮ ಕಾಶಪ್ಪ ಪುಣೆಯ ಆಚೆ ನಿಗಡಿಯಲ್ಲಿದ್ದುಕೊಂಡು ಕಾರ್ಖಾನೆಗೆ ಹೋಗುತ್ತಿದ್ದ. ಅಲ್ಲಿ ಫರಶಿ ಕಲ್ಲು ಹಾಸಿದ, ನಲ್ಲಿ ಇರುವ ಮನೆಯೊಂದು ಮಾರಾಟಕ್ಕಿದೆ ಎಂದು ಅವನು ಹೇಳಿಕಳಿಸಿದಾಗಿನಿಂದ ಹುಸೇನಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇದನ್ನು ಮಾರಬೇಕು, ಅದನ್ನು ಕೊಳ್ಳಬೇಕು. ಅವನಿಗೆ ಇದೊಂದೇ ಜಪ.

ಗಿರಾಕಿ ಬಂದದ್ದು ಗುರುವಾರ. ಪುಣೆಯ ಸ್ವಾರಗೇಟದ ಹತ್ತಿರ ಕಿರಾಣಿ ಅಂಗಡಿ ಇಟ್ಟಿದ್ದ ಶಿವರುದ್ರಪ್ಪನೆಂಬ ವ್ಯಾಪಾರಿ, ಜೊತೆಗೆ ಅವನ ಹೆಂಡತಿ ರುದ್ರವ್ವ. ಊರು ಬೆಳೆಯುವ ಮೊದಲೇ ಇಲ್ಲೊಂದು ಅಂಗಡಿ, ಹಿಂದೆ ಗೋದಾಮು, ಮೇಲೊಂದು ಮಾಳಿಗೆ ಎಂದು ಅವರ ಲೆಕ್ಕ. ಬಾಗಿಲಲ್ಲಿ ಮರಾಠಿಯಲ್ಲಿ ಶುರುವಾದ ಮಾತು ಒಳಗೆ ಕಾಲಿಡುವಷ್ಟರಲ್ಲಿ ಕನ್ನಡಕ್ಕೆ ತಿರುಗಿತು. ನಮ್ಮ ಕಡೆಯವರೇ ಸಿಕ್ಕರಲ್ಲ ಎಂದು ಹುಸೇನಪ್ಪ ಉಬ್ಬಿಹೋದ. ತಿಪ್ಪವ್ವ ಚಹಾ ಸೋಸುತ್ತಿದ್ದಳು. ಶಿವರುದ್ರಪ್ಪ ಗೋಡೆ ನೋಡಿದ, ಸೂರು ನೋಡಿದ, ರಸ್ತೆಗೆ ಎಷ್ಟು ದೂರವೆಂದು ಹೆಜ್ಜೆ ಹಾಕಿ ನೋಡಿದ. ಎಲ್ಲವೂ ಅವನ ಮನಸ್ಸಿಗೆ ಬಂದಿತ್ತು.

"ಜಾಗಾ ಛಲೋ ಅದ, ಹುಸೇನಪ್ಪ. ಆದ್ರ ನಮ್ಮ ಮನ್ಯಾಗ ಒಂದು ಪದ್ಧತಿ ಅದ. ಶಲ್ಯ ನೋಡಿಸದ ನಾವು ನೆಲಾ ತಗೋಳಂಗಿಲ್ಲ" ಎಂದ.

ಹುಸೇನಪ್ಪನಿಗೆ ಅದೇನೆಂದು ತಿಳಿಯಲಿಲ್ಲ.

"ನೆಲದಾಗ ಎಲುಬು ಇರಬಾರ್ದು. ದನದ್ದಾಗಲಿ, ಮನಷ್ಯಾರದ್ದಾಗಲಿ. ಎಲುಬಿನ ಮ್ಯಾಲ ಅಂಗಡಿ ಹಾಕಿದ್ರ ಏಳಿಗಿ ಆಗಂಗಿಲ್ಲ. ಸೋಮವಾರ ನಮ್ಮ ಅಯ್ನೋರು ಬರ್ತಾರ. ಅವ್ರು ತೋರ್ಸಿದಲ್ಲಿ ಮೊಣಕಾಲುದ್ದ ಅಗದು ನೋಡೋದು, ಅಷ್ಟೇ."

ಅಗೆಯುವುದೇ ನನ್ನ ಕಸುಬು, ಹೇಳಿದಲ್ಲಿ ನಾನೇ ಅಗೆದು ತೋರಿಸುತ್ತೇನೆ ಎಂದು ಹುಸೇನಪ್ಪ ಎದೆ ತಟ್ಟಿಕೊಂಡ. ಅಷ್ಟರಲ್ಲಿ ಹಿತ್ತಲಿಗೆ ಹೋಗಿದ್ದ ರುದ್ರವ್ವ ಅಲ್ಲಿಂದಲೇ ಗಂಡನನ್ನು ಕೂಗಿ, ಬಚ್ಚಲ ಜಾಗ ಯಾವಾಗಲೂ ಮೈಲಿಗೆಯದು, ಈ ಕಲ್ಲು ತೆಗೆಸಿ ಮೊದಲು ಇಲ್ಲೇ ನೋಡಿಸಿರಿ ಎಂದಳು.  ತಿಪ್ಪವ್ವ ಸೋಸುತ್ತಿದ್ದ ಚಹಾ ಬಟ್ಟಲು ತಪ್ಪಿ ಕೈಮೇಲೆ ಬಿತ್ತು. ಸುಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಆ ಕಲ್ಲಿನ ಕೆಳಗೆ ಅವಳ ಕೂಸಿತ್ತು.

ಅವಳ ಅತ್ತೆಯ ಮನೆತನದಲ್ಲಿ ಹಲ್ಲು ಮೂಡದ ಕೂಸು ತೀರಿಕೊಂಡರೆ ಸುಡುಗಾಡಿಗೆ ಒಯ್ಯುವುದಿಲ್ಲ. ಹೆಂಗಸರೇ ಅದನ್ನು ಗಡಿಗೆಯಲ್ಲಿಟ್ಟು, ಬಚ್ಚಲ ನೀರು ಇಂಗುವ ಕಡೆ ಮಣ್ಣು ಮಾಡುತ್ತಾರೆ. ತಾಯಿ ಮಿಂದ ನೀರು ದಿನಾಲು ಆ ಮಣ್ಣಿಗೆ ಇಳಿದರೆ ಕೂಸು ದಾರಿ ತಪ್ಪದೆ ಅದೇ ಹೊಟ್ಟೆಗೆ ಮರಳಿ ಬರುತ್ತದೆ ಎಂದು ನಂಬಿಕೆ. ಗಂಡಸರಿಗೆ ಮಾತ್ರ ಜಾಗ ಹೇಳುವಂತಿಲ್ಲ. ಹೇಳಿದರೆ ಬರುವ ದಾರಿ ಮುಚ್ಚಿಹೋಗುತ್ತದೆ. ಮೂರು ತಿಂಗಳ ಗಂಡುಕೂಸು ಜ್ವರ ಬಂದು ಕಣ್ಣು ಮುಚ್ಚಿದಾಗ ಹುಸೇನಪ್ಪ ಸೋಲಾಪುರದ ಕಡೆ ಕಾಲುವೆ ಕೆಲಸಕ್ಕೆ ಹೋಗಿದ್ದ. ಅತ್ತೆ ಅಂಬಾಬಾಯಿ ತಾನೇ ಗುದ್ದಲಿ ಹಿಡಿದಳು. ಹುಸೇನಪ್ಪ ಮರಳಿ ಬಂದಾಗ, ಹೊಳೆ ದಂಡೆಯಲ್ಲಿ ಮಣ್ಣು ಮಾಡಿದೆವು ಎಂದು ಹೇಳಿದರು. ಅವನು ಹೊಳೆಯ ಕಡೆ ಮುಖ ಮಾಡಿ ಅತ್ತ, ಮತ್ತೆ ಆ ಮಾತು ಎತ್ತಲಿಲ್ಲ.

ಅಂಬಾಬಾಯಿ ಸತ್ತು ವರ್ಷಗಳಾದವು. ಕೂಸು ಮರಳಿ ಬರಲಿಲ್ಲ. ಆದರೂ ತಿಪ್ಪವ್ವ ದಿನ ಬೆಳಗಾದರೆ ಆ ಕಲ್ಲಿನ ಮೇಲೆ ಕುಳಿತು ಮೀಯುವಾಗ ಕೊನೆಯ ತಂಬಿಗೆ ನೀರನ್ನು ನಿಧಾನವಾಗಿ, ಕಲ್ಲಿನ ಸಂದಿಗೇ ಬೀಳುವಂತೆ ಸುರಿಯುತ್ತಿದ್ದಳು. ಅವಳಿಗೆ ಇನ್ನೂ ವಯಸ್ಸು ಮೀರಿರಲಿಲ್ಲ. ಬರಬಾರದೆಂದೇನೂ ಇರಲಿಲ್ಲ.

ಗಂಡನಿಗೆ ಹೇಳಿಬಿಟ್ಟರೆ ಆಗುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಹುಸೇನಪ್ಪ ಕೆಟ್ಟವನಲ್ಲ, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವ ಮನುಷ್ಯ ಅಲ್ಲ. ಬೆಳಿಗ್ಗೆ ಅವನ ಕಿವಿಗೆ ಬಿದ್ದದ್ದು ಸಂಜೆಗೆ ಸ್ಟೇಶನ್ನಿನ ಚಹಾ ಅಂಗಡಿಯಲ್ಲಿ ಇರುತ್ತಿತ್ತು. ಬೇರೆ ಕಾಲವಾಗಿದ್ದರೆ ಅದನ್ನೂ ತಾಳಿಕೊಳ್ಳಬಹುದಿತ್ತು. ಈಗಿನ ಕಾಲ ಬೇರೆಯಾಗಿತ್ತು.

ಮಾರ್ಕೆಟ್ಟಿನ ಪಾಯದ ಒಂದು ಮೂಲೆ ಕುಸಿದಿತ್ತು. ಮತ್ತೆ ತೋಡಿ ಕಟ್ಟಿದರು, ಮತ್ತೆ ಕುಸಿಯಿತು. ಅಲ್ಲಿ ಹಳೆಯ ಹಳ್ಳದ ಮೆತ್ತನೆಯ ಮಣ್ಣಿದೆ ಎಂಬುದು ಅಗೆದವರಿಗೆಲ್ಲ ಗೊತ್ತು. ಆದರೆ ಊರಿಗೆ ಅಷ್ಟು ಸಪ್ಪೆಯಾದ ಕಾರಣ ರುಚಿಸೀತೇ? ಆ ಮೂಲೆ ಕೂಸಿನ ಬಲಿ ಕೇಳುತ್ತಿದೆ, ಕರ್ನಾಟಕದ ಕೂಲಿಗಳು ಕೂಸು ಹುಡುಕುತ್ತ ತಿರುಗುತ್ತಿದ್ದಾರೆ ಎಂದು ಯಾರೋ ಒಬ್ಬ ಅಂದ. ಗಾಳಿ ಸುದ್ದಿಗೆ ಕಾಲಿಲ್ಲ, ಆದರೂ ಅದು ರೈಲಿಗಿಂತ ಜೋರಾಗಿ ಓಡುತ್ತದೆ. ತಾಯಂದಿರು ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿಕೊಂಡರು. ಕೆಲಸವಿಲ್ಲದ ಹುಡುಗರು ಬಡಿಗೆ ಹಿಡಿದು ಹೊಳೆಯ ದಾರಿ ಕಾಯತೊಡಗಿದರು. ಮನೆಗಳ ಬೆಲೆ ಏರುತ್ತಲೇ ಇತ್ತು, ಅದಕ್ಕೇನೂ ಅಡ್ಡಿಯಾಗಲಿಲ್ಲ.

ತಿಪ್ಪವ್ವನ ಗುಂಪಿನಲ್ಲೇ ಇದ್ದ ಜಟ್ಟೆಪ್ಪ ಒಂದು ಮಧ್ಯಾಹ್ನ ತನ್ನ ಮಗಳಿಗೆ ಮೈ ಸುಡುತ್ತಿದೆಯೆಂದು ಕಂಬಳಿಯಲ್ಲಿ ಸುತ್ತಿ, ಹೆಗಲ ಮೇಲೆ ಹಾಕಿಕೊಂಡು ಡಾಕ್ಟರ ಹತ್ತಿರ ಓಡುತ್ತಿದ್ದ. ಆ ಹುಡುಗರು ತಡೆದರು. ಕಂಬಳಿ ಬಿಚ್ಚಿಸಿದರು. ಮಗುವಿಗೆ ಮರಾಠಿ ಬಾರದು, ಕೇಳಿದ್ದಕ್ಕೆಲ್ಲ ಅಳು. ಇಷ್ಟೇ ಸಾಕಾಯಿತು. ಹೆಂಡತಿ ಓಡಿಬಂದು ಇದು ನನ್ನ ಮಗು ಎಂದು ಬಾಯಿ ಬಡಿದುಕೊಳ್ಳುವಷ್ಟರಲ್ಲಿ ಅವನ ಬಲಗೈ ಮುರಿದಿತ್ತು. ಹೊಡೆದವರಲ್ಲಿ ಒಬ್ಬನೂ ತಪ್ಪಾಯಿತು ಅನ್ನಲಿಲ್ಲ. ತಿಪ್ಪವ್ವ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ದೂರದಿಂದ ಅದನ್ನೆಲ್ಲ ನೋಡಿದ್ದಳು. ಬದುಕಿರುವ ಮಗುವನ್ನು, ಸ್ವಂತ ಮಗುವನ್ನು ಎತ್ತಿಕೊಂಡು ಹೋದವನಿಗೆ ಇಷ್ಟಾದರೆ, ಮಕ್ಕಳಿಲ್ಲದ ಕೂಲಿಯವಳ ಬಚ್ಚಲಲ್ಲಿ ಕೂಸಿನ ಎಲುಬು ಸಿಕ್ಕರೆ? ಅಂದಿನಿಂದ ಈ ಪ್ರಶ್ನೆ ಅವಳ ಬೆನ್ನು ಬಿಟ್ಟಿರಲಿಲ್ಲ. ಈಗ ಅದಕ್ಕೆ ಸೋಮವಾರವೆಂಬ ದಿನವೂ ಗೊತ್ತಾಯಿತು.

ಗಿರಾಕಿ ಬಂದುಹೋದ ಸಂಜೆ ರೊಟ್ಟಿ ಬಡಿಯುತ್ತ ಅವಳು ಗಂಡನ ಮುಂದೆ ಬಾಯಿ ಬಿಟ್ಟಳು.

"ಮನಿ ಮಾರೋದು ಬ್ಯಾಡ. ಇಲ್ಲೇ ಇರೋಣು."

ಹುಸೇನಪ್ಪ ಮೊದಲು ನಕ್ಕ. ಆಮೇಲೆ ನಿಗಡಿಯ ಮನೆಯ ಫರಶಿ, ನಲ್ಲಿ, ಕಿಟಕಿಯ ಸರಳು ಎಲ್ಲವನ್ನೂ ಹೊಸದಾಗಿ ವರ್ಣಿಸಿದ. ಅವಳು ಮತ್ತೆ ಅದೇ ಮಾತು ಅಂದಾಗ ಅವನಿಗೆ ರೇಗಿತು. ಜನ್ಮವೆಲ್ಲ ಮಣ್ಣು ಹೊತ್ತವಳಿಗೆ ಮಣ್ಣಿನ ನೆಲವೇ ಬೇಕೇನು ಎಂದು ಕೇಳಿ, ತಾಟು ಸರಿಸಿ ಎದ್ದುಹೋದ. ಊರಿನ ಮಂದಿ ನಮ್ಮ ಮುಖ ನೋಡುವ ರೀತಿ ಕಂಡಿಲ್ಲವೇ, ಜಟ್ಟೆಪ್ಪನ ಕೈ ಕಂಡಿಲ್ಲವೇ, ಇಲ್ಲಿ ಇನ್ನು ಹೇಗೆ ಇರುವುದು ಎಂದು ಅಂಗಳದಿಂದಲೇ ಕೂಗಿದ.  ಓಡಿಹೋಗಬೇಕೆನ್ನುವ ಅವನ ಭಯವೂ, ಬಿಟ್ಟುಹೋಗಲಾಗದ ತನ್ನ ಭಯವೂ ಒಂದೇ ಬೆಂಕಿಯಿಂದ ಎದ್ದವೆಂದು ಅವಳಿಗೆ ಗೊತ್ತಿತ್ತು.

ಶನಿವಾರ ಅವಳಿಗೆ ಇನ್ನೊಂದು ದಾರಿ ಹೊಳೆಯಿತು. ಶಿವರುದ್ರಪ್ಪನೂ ರುದ್ರವ್ವನೂ ಸೋಮವಾರದ ತನಕ ಸ್ಟೇಶನ್ ರಸ್ತೆಯಲ್ಲಿ ನೆಂಟರಾದ ಧರ್ಮಣ್ಣನ ಮನೆಯಲ್ಲಿ ಉಳಿದಿದ್ದರು. ಹೆಣ್ಣಿನ ಸಂಕಟ ಹೆಣ್ಣಿಗೆ ಗೊತ್ತಾದೀತು, ರುದ್ರವ್ವನ ಕಾಲು ಹಿಡಿದು ಬಚ್ಚಲಲ್ಲಿ ಅಗೆಸಬೇಡಿರೆಂದು ಬೇಡಿಕೊಳ್ಳೋಣ ಎಂದು ಹೋದಳು. ರುದ್ರವ್ವ ಒಳ್ಳೆಯ ಹೆಂಗಸು. ಪಡಸಾಲೆಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟಳು, ಸುಟ್ಟ ಕೈ ನೋಡಿ ಅರಿಸಿನ ಹಚ್ಚಿದಳು. ತಿಪ್ಪವ್ವ ಇನ್ನೇನು ಹೇಳಬೇಕು, ಅಷ್ಟರಲ್ಲಿ ರುದ್ರವ್ವ ದನಿ ತಗ್ಗಿಸಿದಳು.

"ನೀ ಮಾರ್ಕೆಟ್ ಕೆಲಸಕ್ಕ ಹೋಗ್ತಿಯಲ್ಲ ತಂಗಿ. ಅಲ್ಲಿ ಕೂಸು ಬಲಿ ಕೊಡ್ತಾರಂತ, ಖರೇನು? ನಿಮ್ಮ ಮಂದಿಗಿ ಗೊತ್ತಿರಬೇಕು."

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾಳೆ ಮಳೆ ಬಂದೀತೇ ಎನ್ನುವಂತೆ ಕೇಳಿದ್ದು. ಅದೇ ತಿಪ್ಪವ್ವನನ್ನು ಹೆಚ್ಚು ಹೆದರಿಸಿತು. ನನಗೇನೂ ಗೊತ್ತಿಲ್ಲರೀ ಅಕ್ಕಾರ ಎಂದಳು; ಮಜ್ಜಿಗೆ ಅರ್ಧಕ್ಕೇ ಬಿಟ್ಟು ಎದ್ದು ಬಂದಳು. ಇನ್ನು ಉಳಿದದ್ದು ಒಂದೇ ದಾರಿ. ಅವರು ತೆಗೆಯುವ ಮೊದಲು ತಾನೇ ತೆಗೆದು, ಗಂಡನಿಗೆ ಅಂದು ಹೇಳಿದ ಸುಳ್ಳನ್ನು ಖರೆ ಮಾಡಿ, ಹೊಳೆ ದಂಡೆಗೆ ಒಯ್ಯಬೇಕು.

ಭಾನುವಾರ ಬೆಳಿಗ್ಗೆ ಹುಸೇನಪ್ಪ ನಿಗಡಿಯ ಮನೆ ಗೊತ್ತುಮಾಡಲು ಪುಣೆಯ ಗಾಡಿ ಹತ್ತಿದ. ಅವಳನ್ನೂ ಕರೆದ. ಮಳೆಗಾಲಕ್ಕೆ ಮುಂಚೆ ಪಾಯ ತುಂಬಬೇಕೆಂದು ಭಾನುವಾರವೂ ಕೆಲಸವಿದೆ, ಕೆಲಸ ಮಾಡಿಸುವ ಮುಕಾದಮ ಬಿಡುವುದಿಲ್ಲ ಎಂದು ಅವಳು ತಪ್ಪಿಸಿಕೊಂಡಳು. ಅದು ಸುಳ್ಳೂ ಅಲ್ಲ. ಗಂಡ ಕಣ್ಮರೆಯಾದ ಮೇಲೆ ಮುಂಬಾಗಿಲಿಗೆ ಅಗಳಿ ಹಾಕಿ, ಹಿತ್ತಲಿಗೆ ಬಂದು, ಹಾರೆ ಕೊಟ್ಟು ಕಲ್ಲು ಮೀಟಿದಳು. ಇಂಥ ಕಲ್ಲುಗಳನ್ನು ದಿನಕ್ಕೆ ಎಷ್ಟೋ ಮಗುಚಿದವಳು ಅಂದು ಒಂದನ್ನು ಮಗುಚಲು ಮೂರು ಸಲ ಹಾರೆ ಕೊಡಬೇಕಾಯಿತು. ಕಲ್ಲು ಎದ್ದು ಪಕ್ಕಕ್ಕೆ ಬಿದ್ದ ಸದ್ದಿಗೆ ಆಚೆ ಮನೆಯ ಸಾವಿತ್ರಿಬಾಯಿ ಗೋಡೆಯ ಮೇಲಿಂದ ಅದೇನು ಮಾಡುತ್ತಿದ್ದೀ ಎಂದು ಕೇಳಿದಳು. ತಿಪ್ಪವ್ವ ಹಾರೆ ಕೆಳಗಿಟ್ಟು, ಬಚ್ಚಲ ನೀರು ಇಂಗುತ್ತಿಲ್ಲ, ಕೆಸರು ತೆಗೆಯುತ್ತಿದ್ದೇನೆ ಎಂದಳು. ಸಾವಿತ್ರಿಬಾಯಿಯ ತಲೆ ಗೋಡೆಯಿಂದ ಮರೆಯಾಯಿತು, ಆದರೆ ಅವಳ ಕಾಲ್ಬಳೆಯ ಸದ್ದು ಗೋಡೆಯ ಆಚೆಯೇ ಬಹಳ ಹೊತ್ತು ಸುಳಿದಾಡಿತು.

ಗಡಿಗೆ ಒಡೆದು ಮಣ್ಣಿನ ಭಾರಕ್ಕೆ ಚಪ್ಪಟೆಯಾಗಿತ್ತು. ತಿಪ್ಪವ್ವ ಒಳಗೆ ಏನಿದೆ ಎಂದು ನೋಡಲಿಲ್ಲ. ನೋಡಿದರೆ ತಾನು ಅಲ್ಲಿಯೇ ಕುಳಿತುಬಿಡುತ್ತೇನೆ, ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತು. ಕಣ್ಣು ಮುಚ್ಚಿಕೊಂಡು, ಎರಡೂ ಕೈಗಳಿಂದ ಬೊಗಸೆ ಬೊಗಸೆಯಾಗಿ ಎತ್ತಿ, ಕೆಲಸದ ಕಬ್ಬಿಣದ ಬುಟ್ಟಿಗೆ ಹಾಕಿದಳು. ಮೇಲೆ ಹಸಿ ಮಣ್ಣು ಮುಚ್ಚಿದಳು. ಕುಣಿ ತುಂಬಿ, ಕಲ್ಲನ್ನು ಮೊದಲಿನಂತೆ ಕೂರಿಸಿ, ಸೆರಗಿನ ಸಿಂಬಿ ಮಾಡಿ ಬುಟ್ಟಿಯನ್ನು ತಲೆಗೇರಿಸಿಕೊಂಡಳು. ಎಷ್ಟು ಹಗುರ! ಮಣ್ಣಿನ ಭಾರ ಬಿಟ್ಟರೆ ಅದರಲ್ಲಿ ಬೇರೆ ಭಾರವೇ ಇರಲಿಲ್ಲ.

ಮೈದಾನ ಹೋಗಿ ಈಗ ರಸ್ತೆಯಲ್ಲೇ ಕೂಡುತ್ತಿದ್ದ ಸಂತೆಗೆ ಬಂದವರ ನಡುವೆ ಅವಳು ಹಾದು ಹೋದಳು. ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತ ಕೂಲಿ ಹೆಂಗಸನ್ನು ಆ ಊರಿನಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಅದೇ ಅವಳ ಧೈರ್ಯ. ಚಹಾ ಅಂಗಡಿ ದಾಟಿದಳು. ಒಬ್ಬ ಪೊಲೀಸನ ಮುಂದೆಯೇ ದಾಟಿದಳು. ಅವನು ಬೀಡಿ ಹಚ್ಚುತ್ತಿದ್ದ. ಒಬ್ಬ ತಾಯಿ ಮಾತ್ರ ಇವಳ ಸೀರೆ ಉಟ್ಟ ರೀತಿ ನೋಡಿ, ತನ್ನ ಮಗುವನ್ನು ಕೈಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.  ಹೆದರಬೇಡ, ನಿನ್ನಂತೆಯೇ ನಾನೂ ನನ್ನದನ್ನು ಕರೆದುಕೊಂಡು ಹೊರಟಿದ್ದೇನೆ ಎಂದು ಹೇಳಬೇಕೆನ್ನಿಸಿತು ತಿಪ್ಪವ್ವನಿಗೆ.

ಹೊಳೆಯ ದಾರಿಯ ತಿರುವಿನಲ್ಲಿ ಬಡಿಗೆ ಹಿಡಿದ ಹುಡುಗರು ನಿಂತಿದ್ದರು. ಜಟ್ಟೆಪ್ಪನ ಕೈ ಮುರಿದವರು. ಹಿಂದಕ್ಕೆ ತಿರುಗಿದರೆ ಅನುಮಾನ, ಮುಂದಕ್ಕೆ ಹೋದರೆ ಅವರು. ಅವಳ ಕಾಲುಗಳು ತಾವಾಗಿಯೇ ಮುಂದೆ ಹೋದವು. ಎಲ್ಲಿಗೆ ಎಂದು ಒಬ್ಬ ಮರಾಠಿಯಲ್ಲಿ ಕೇಳಿದ. ಮಣ್ಣು ಚೆಲ್ಲಲು ಎಂದಳು. ಬುಟ್ಟಿ ಇಳಿಸು ಎಂದ. ಇಳಿಸಿದಳು. ಅವನು ಬಡಿಗೆಯ ತುದಿಯನ್ನು ಮಣ್ಣಿನೊಳಗೆ ಚುಚ್ಚಿದ. ಚುಚ್ಚಿದ್ದು ತನ್ನ ಹೊಟ್ಟೆಗೇ ಎನ್ನುವಂತೆ ಅವಳ ಮೈ ಬಿಗಿಯಿತು. ಬಡಿಗೆ ಒಳಗೆ ಹೋಯಿತು, ಸ್ವಲ್ಪ ತಿರುಗಿತು, ಹೊರಗೆ ಬಂತು. ತುದಿಗೆ ಮಣ್ಣು ಮೆತ್ತಿತ್ತು, ಅಷ್ಟೇ.

ಮೈದಾನದಲ್ಲಿ ಪಾಯ ತುಂಬಲು ಮಣ್ಣು ಸಾಲುತ್ತಿಲ್ಲ, ಇವಳು ನೋಡಿದರೆ ಹೊಳೆಗೆ ಚೆಲ್ಲಲು ಹೊರಟಿದ್ದಾಳೆ ಎಂದು ಅವನು ಗೆಳೆಯರ ಕಡೆ ತಿರುಗಿ ನಕ್ಕ. ಊರಿನ ಕೆಲಸ ನಮ್ಮದೂ ಅಲ್ಲವೇ ಎಂದು ಇನ್ನೊಬ್ಬ ಅಂದ. ತಿರುಗು, ಮಾರ್ಕೆಟ್ಟಿಗೆ ನಡೆ ಎಂದರು. ಇಬ್ಬರು ಹುಡುಗರು ಬಡಿಗೆ ಹೆಗಲಿಗಿಟ್ಟುಕೊಂಡು ಅವಳ ಹಿಂದೆಯೇ ಹೊರಟರು. ಮಾರ್ಕೆಟ್ಟಿನ ಕೆಲಸ ಎಲ್ಲಿಗೆ ಬಂತು ನೋಡಿಬರುವ ಹುಕಿ ಅವರಿಗೆ. ತಿಪ್ಪವ್ವ ಬುಟ್ಟಿಯನ್ನು ಮತ್ತೆ ತಲೆಗೇರಿಸಿ ಬಂದ ದಾರಿಯಲ್ಲೇ ಮರಳಿದಳು. ಎಲ್ಲಾದರೂ ಎಡವಿ ಬಿದ್ದುಬಿಡೋಣವೇ ಎಂದುಕೊಂಡಳು. ಬಿದ್ದರೆ ಮಣ್ಣು ಚೆಲ್ಲುತ್ತದೆ, ಚೆಲ್ಲಿದರೆ ಎಲ್ಲ ಕಾಣುತ್ತದೆ. ಹಾಗಾಗಿ ಅವಳು ಹುಟ್ಟಿದಾಗಿನಿಂದ ನಡೆದಿರದಷ್ಟು ನೆಟ್ಟಗೆ ನಡೆದಳು.

ಮೈದಾನದಲ್ಲಿ ಮುಕಾದಮ ದಿಗಂಬರ ಅವಳನ್ನು ಕಂಡೊಡನೆ ಇಷ್ಟು ಹೊತ್ತಿಗೆ ಬರುವುದೇ ಎಂದು ಬೈದ. ತುಂಬಿದ ಬುಟ್ಟಿ ನೋಡಿ ಸ್ವಲ್ಪ ತಣ್ಣಗಾದ. ಹೆಂಗಸರು ಸಾಲಾಗಿ ಬಂದು, ಕುಸಿದ ಮೂಲೆಯ ಪಾಯಕ್ಕೆ ಮಣ್ಣು ಸುರಿದು ಹೋಗುತ್ತಿದ್ದರು. ಅವನು ತಿಪ್ಪವ್ವನ ಭುಜ ಹಿಡಿದು ಆ ಸಾಲಿನೊಳಗೆ ತಳ್ಳಿದ. ಇದನ್ನು ಆ ಕಡೆ ಹಾಕುತ್ತೇನೆ, ಇದು ಕೆಸರು ಮಣ್ಣು ಎಂದು ಅವಳು ಅಂದಳು. ಅಂದದ್ದು ಯಾರಿಗೂ ಕೇಳಿಸಲಿಲ್ಲ. ಬಡಿಗೆಯ ಹುಡುಗರು ಪಾಯದ ಅಂಚಿನಲ್ಲೇ ನಿಂತು ಇಣುಕುತ್ತಿದ್ದರು. ಮುಂದಿನವಳು ಸುರಿದು ಸರಿದಳು. ಹಿಂದಿನವಳು ನಡಿಯೇ ಎಂದು ಬೆನ್ನಿಗೆ ಕೈ ಹಚ್ಚಿದಳು.

"ಟಾಕ, ಟಾಕ" ಎಂದು ದಿಗಂಬರ ಕೂಗಿದ. ಸುರಿ ಅನ್ನುವ ಆ ಮಾತನ್ನು ಅವಳು ದಿನಕ್ಕೆ ನೂರು ಸಲ ಕೇಳುತ್ತಿದ್ದಳು.

ತಿಪ್ಪವ್ವ ಸುರಿದಳು.

ಅವಳು ಕೆಳಗೆ ನೋಡುವ ಮೊದಲೇ ಹಿಂದಿನವಳ ಮಣ್ಣು ಅದರ ಮೇಲೆ ಬಿತ್ತು. ಅದರ ಮೇಲೆ ಇನ್ನೊಬ್ಬಳದು. ಪಾಯದ ಆ ಭಾಗ ತುಂಬಿತೆಂದು ದಿಗಂಬರ ನಾಲ್ವರು ಹೆಂಗಸರನ್ನು ಕೆಳಗಿಳಿಸಿ ಕೈಗೆ ದಿಮ್ಮಸು ಕೊಡಿಸಿದ. ನಾಲ್ವರಲ್ಲಿ ಅವಳೂ ಒಬ್ಬಳು. ಮಣ್ಣು ಗಟ್ಟಿಯಾಗುವ ತನಕ ಬಡಿಯಬೇಕು. ಮರದ ಆ ಭಾರವನ್ನು ಎತ್ತಿದವಳಿಗೆ ಅದನ್ನು ಇಳಿಸುವ ಧೈರ್ಯವಾಗಲಿಲ್ಲ, ಎತ್ತಿಕೊಂಡೇ ನಿಲ್ಲುವ ಶಕ್ತಿಯೂ ಇರಲಿಲ್ಲ. ಉಳಿದ ಮೂವರ ದಿಮ್ಮಸು ಒಟ್ಟಿಗೆ ಬಿದ್ದಿತು. ಅವಳದು ತಡವಾಗಿ ಬಿದ್ದಿತು. ಸಂಜೆಯ ತನಕ ಅವಳು ತನ್ನ ಕೂಸಿನ ಮೇಲೆ ನಿಂತು ಬಡಿದಳು. ಅಳಲು ಕೂಡ ಆಗಲಿಲ್ಲ. ಮೇಲೆ ನಿಂತವರು ನೋಡುತ್ತಿದ್ದರು.

ಸೋಮವಾರ ಎಲ್ಲರೂ ಬಂದರು. ಅಯ್ಯನವರು ವಿಭೂತಿ ಹಚ್ಚಿದ ಕೋಲು ಹಿಡಿದು ಅಂಗಳ, ಪಡಸಾಲೆ ಎಲ್ಲ ಸುತ್ತಿದರು. ರುದ್ರವ್ವನ ಮಾತಿನಂತೆ ಮೊದಲು ಬಚ್ಚಲಿಗೆ ಬಂದರು. ಹುಸೇನಪ್ಪ ನಿಗಡಿಯಿಂದ ಖುಷಿಯಲ್ಲಿ ಬಂದಿದ್ದ. ಸೊಂಟಕ್ಕೆ ಟವೆಲು ಬಿಗಿದು ಒಂದೇ ಏಟಿಗೆ ಕಲ್ಲು ಎಬ್ಬಿಸಿದ. ಗುದ್ದಲಿ ಬೆಣ್ಣೆಗೆ ಹೋದಂತೆ ಹೋಯಿತು. ಈ ಮಣ್ಣು ಮೊನ್ನೆ ಮೊನ್ನೆ ಯಾರೋ ಅಗೆದಂತಿದೆಯಲ್ಲ ಎಂದು ಅಯ್ಯನವರು ಅಂದರು. ಎಲ್ಲರ ಕಣ್ಣೂ ತಿಪ್ಪವ್ವನ ಮೇಲೆ ಬಿದ್ದವು.  ನೀರು ಇಂಗುತ್ತಿರಲಿಲ್ಲ, ಕೆಸರು ತೆಗೆದೆ ಎಂದು ಅದೇ ಸುಳ್ಳನ್ನು ಮತ್ತೆ ಹೇಳಿದಳು. ಗೋಡೆಯಾಚೆಯಿಂದ ಸಾವಿತ್ರಿಬಾಯಿ, ಹೌದು, ನಿನ್ನೆ ತೆಗೆಯುತ್ತಿದ್ದಳು ಎಂದು ಯಾರೂ ಕೇಳದಿದ್ದರೂ ಸಾಕ್ಷಿ ಹೇಳಿದಳು. ಅಯ್ಯನವರು ತಲೆಯಾಡಿಸಿದರು. ಹುಸೇನಪ್ಪ ಮೊಣಕಾಲುದ್ದ ತೋಡಿದ. ಎಲುಬು ಬರಲಿಲ್ಲ. ಇಲ್ಲೇ ಇಷ್ಟು ಶುದ್ಧವಾಗಿದ್ದರೆ ಮತ್ತೆಲ್ಲೂ ನೋಡಬೇಕಿಲ್ಲ ಎಂದು ಹೇಳಿ ಅಯ್ಯನವರು ಕೈ ತೊಳೆಯಲು ಹೊರಟರು. ಗಂಡಸರೆಲ್ಲ ಅವರ ಹಿಂದೆ ಪಡಸಾಲೆಗೆ ನಡೆದರು.

ರುದ್ರವ್ವ ಮಾತ್ರ ಕದಲಲಿಲ್ಲ. ಹೊರಗೆ ಎಳೆದ ಮಣ್ಣಿನ ಗುಡ್ಡೆಯ ಹತ್ತಿರ ಅವಳ ಬಲಗಾಲು ನೆಲಕ್ಕೆ ಒತ್ತಿಕೊಂಡಿತ್ತು. ಗಂಡಸರ ದನಿ ಒಳಗೆ ಸೇರಿದ ಮೇಲೆ ಬಗ್ಗಿ, ಕಾಲಡಿಯಿಂದ ಏನನ್ನೋ ಎತ್ತಿ ಸೆರಗಿನಲ್ಲಿ ಒರೆಸಿ, ತಿಪ್ಪವ್ವನ ಮುಂದೆ ಅಂಗೈ ತೆರೆದಳು. ಹಸಿರುಗಟ್ಟಿದ ಹಿತ್ತಾಳೆಯ ಕಾಲ್ಗಡಗ. ಎರಡು ಬೆರಳು ಮಾತ್ರ ತೂರುವಷ್ಟು ಸಣ್ಣದು. ನಿನ್ನೆ ಕಣ್ಣು ಮುಚ್ಚಿ ಎತ್ತಿದವಳಿಗೆ ಅದು ತಪ್ಪಿಹೋಗಿತ್ತು. ತಿಪ್ಪವ್ವ ಗೋಡೆ ಹಿಡಿದುಕೊಂಡಳು.

"ಹೆದರಬ್ಯಾಡ ತಂಗಿ" ಎಂದಳು ರುದ್ರವ್ವ. "ನಮ್ಮೂರ ಕಡೀನೂ ಹಿಂಗ ಇಡ್ತಾರ. ನಮ್ಮವ್ವ ನನ್ನ ತಮ್ಮನ್ನ ಬಚ್ಚಲ ಕೆಳಗೇ ಇಟ್ಟಿದ್ಲು. ಎಷ್ಟು ತಿಂಗಳದ್ದು?"

ಮೂರು ಎಂದು ತಿಪ್ಪವ್ವ ಬೆರಳು ತೋರಿಸಿದಳು. ರುದ್ರವ್ವನ ಕಣ್ಣು ತುಂಬಿದವು. ಕಡಗವನ್ನು ಇವಳ ಕೈಯಲ್ಲಿಟ್ಟು, ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಅತ್ತೆ ಸತ್ತ ಮೇಲೆ ಆ ಕೂಸಿನ ಬಗ್ಗೆ ಬೇರೊಬ್ಬರ ಬಾಯಿಂದ ಒಂದು ಮಾತು ತಿಪ್ಪವ್ವನ ಕಿವಿಗೆ ಬಿದ್ದಿದ್ದು ಇದೇ ಮೊದಲು. ಎಷ್ಟೋ ದಿನದಿಂದ ಬಿಗಿಹಿಡಿದದ್ದೆಲ್ಲ ಸಡಿಲಾಯಿತು. ಮುಖ ಮುಚ್ಚಿಕೊಳ್ಳದೆ, ನಿಂತಲ್ಲೇ ಅತ್ತಳು. ರುದ್ರವ್ವ ಬೆನ್ನು ಸವರಿದಳು.

"ಈಗ ಎಲ್ಲಿ ಇಟ್ಟಿ? ಹೊಳಿಗೆ ಬಿಟ್ಟಿಯೇನು?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಒಂದೇ ಮಾತು. ಆದರೆ ಅಷ್ಟು ವರ್ಷ ಸುಳ್ಳು ಹೇಳಿ ದಣಿದವಳಿಗೆ, ತನ್ನ ಕೈ ಹಿಡಿದವಳ ಮುಂದೆ ಇನ್ನೊಂದು ಸುಳ್ಳು ಹೇಳಲು ಮನಸ್ಸು ಬರಲಿಲ್ಲ. 

"ಮಾರ್ಕೆಟ್ಟಿನ ಪಾಯದಾಗ, ಅಕ್ಕಾರ. ಕುಸದ ಮೂಲ್ಯಾಗ. ನಾನೇ ಹಾಕ್ದೆ."

ಬೆನ್ನ ಮೇಲಿನ ಕೈ ನಿಂತಿತು. ಮೊದಲು ಆ ಕೈ, ಆಮೇಲೆ ತಿಪ್ಪವ್ವನ ಕೈ ಹಿಡಿದಿದ್ದ ಕೈ ಸರಿದವು. ರುದ್ರವ್ವ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಇನ್ನೊಂದು ಹೆಜ್ಜೆ ಇಟ್ಟಳು. ಅವಳ ಮುಖದಲ್ಲಿ ಈಗ ಇದ್ದದ್ದು ನಿನ್ನೆ ಸಂತೆಯಲ್ಲಿ ಮಗುವನ್ನು ಎಳೆದುಕೊಂಡ ಆ ತಾಯಿಯ ಮುಖದಲ್ಲಿದ್ದದ್ದೇ. ಹುಡುಗರು ಬೆನ್ನು ಹತ್ತಿದ್ದು, ಸಾಲಿನಲ್ಲಿ ತಳ್ಳಿದ್ದು, ತನಗೆ ಬೇರೆ ದಾರಿಯೇ ಇಲ್ಲದ್ದು ಎಲ್ಲವನ್ನೂ ಹೇಳಬೇಕೆಂದು ತಿಪ್ಪವ್ವ ಬಾಯಿ ತೆರೆದಳು. ಅಕ್ಕಾರ, ಕೇಳ್ರಿ ಎನ್ನುವಷ್ಟರಲ್ಲಿ ರುದ್ರವ್ವ ತಿರುಗಿ, ಓಡುವುದೊಂದು ಬಾಕಿ ಎನ್ನುವಂತೆ ಪಡಸಾಲೆಗೆ ನಡೆದಿದ್ದಳು.

ತಿಪ್ಪವ್ವ ತೋಡಿದ ಕುಣಿಯ ಪಕ್ಕದಲ್ಲಿ ನಿಂತಳು. ಒಳಗೆ ವ್ಯವಹಾರ ಕುದುರಿದ ಖುಷಿಯಲ್ಲಿ ಎಲ್ಲರ ಬಾಯಿಗೂ ಸಕ್ಕರೆ ಹಾಕುತ್ತಿದ್ದರು. ಹುಸೇನಪ್ಪ ನಿಗಡಿಯ ನಲ್ಲಿಯ ನೀರಿನ ರಭಸ ವರ್ಣಿಸುತ್ತಿದ್ದ. ಶಿವರುದ್ರಪ್ಪ ಜೋರಾಗಿ ನಗುತ್ತಿದ್ದ. ರುದ್ರವ್ವನ ದನಿ ಮೆಲ್ಲಗೆ ಕೇಳಿಸಿತು, ಕೂಸು, ಪಾಯ ಎಂಬ ಒಂದೆರಡು ಮಾತಿನಷ್ಟು. ನಗು ನಿಂತಿತು.